ಸಾವಿರಕ್ಕೆ ನಲ್ವತ್ತು

ದೂಮಣ್ಣ ಬೆಳ್ಚಡರ ಬಗ್ಗೆ ನಾಲ್ಕು ಮಾತು ಹೇಳಿ ಅಂತ
ಸಂಘದ ಹುಡುಗರು ಬಂದು ಕೂತಿದ್ದಾರೆ ಜಗಲಿಯಲ್ಲಿ.
ಅವರಿಗೆ ಗೊತ್ತಿಲ್ಲ, ನಾನು ಆ ಕಡೆಯವನು.
ಉಪ್ಪಳದ ಬ್ರಾಂಚಿನಲ್ಲಿ ಮೂವತ್ತೊಂದು ವರ್ಷ ಚೆಕ್ಕರ್.
ತಡ್ಪೆ ಹಿಡಿದು ಸಾಲು ನಿಂತ ಹೆಂಗಸರ ಕಟ್ಟು ಬಿಚ್ಚಿದರೆ
ಸಣಕಲು, ಸೊಟ್ಟ, ನೂಲು ಸಡಿಲ, ಬಾಯಿ ಮಡಚಿದ್ದು ಸರಿಯಿಲ್ಲ
ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು.
ಸಾವಿರಕ್ಕೆ ನಲ್ವತ್ತು ತೆಗೆಯಲೇಬೇಕು,
ಎಲ್ಲ ಚೆನ್ನಾಗಿದ್ದರೂ.
ಅದು ಧಣಿಗಳ ಲೆಕ್ಕ. ಎಲ್ಲೂ ಬರೆದಿಟ್ಟದ್ದಲ್ಲ.

ಅವನ ತಾಯಿ ಮಾಂಕು, ಕೋಡಿಬೈಲಿನಿಂದ ನಡೆದು ಬರುವವಳು.
ಒಂದು ಶನಿವಾರ ಅವಳದ್ದು ಅರುವತ್ತು ತೆಗೆದೆ.
ಸೆರಗು ಹಿಡಿದು ನಿಂತ ಚಡ್ಡಿಯ ಹುಡುಗ,
ಕೈಯಲ್ಲಿ ಕೆಂಪು ನೂಲಿನ ಉಂಡೆ, ಕೇಳಿದ:
"ತೆಗೆದದ್ದನ್ನು ಎಲ್ಲಿಗೆ ಕೊಂಡುಹೋಗ್ತೀರಿ?"
ನನ್ನಲ್ಲಿ ಉತ್ತರ ಇತ್ತು.
ಅದೇ ಲೇಬಲು ಅಂಟಿಸಿಕೊಂಡು ಅವು
ಹೊಸಂಗಡಿಯ ಅಂಗಡಿಗಳಿಗೆ ಹೋಗುತ್ತಿದ್ದವು.
ಹೇಳಲಿಲ್ಲ.

ಆ ಒಂದೇ ಪ್ರಶ್ನೆಯನ್ನು ಆಮೇಲೆ ಜೀವಮಾನವಿಡೀ ಕೇಳಿದ.
ತುಳುವಿನಲ್ಲಿ ಕೇಳಿದ, ಮಲಯಾಳದಲ್ಲಿ ಕೇಳಿದ,
ಅರ್ಜಿಯ ಕನ್ನಡದಲ್ಲಿ "ಮಾನ್ಯರೇ" ಅಂತ ಸುರುಮಾಡಿ ಕೇಳಿದ.
ಹದಿನೇಳು ದಿನ ನಮ್ಮ ಮೆಟ್ಟಿಲಲ್ಲಿ ಕೂತು
ಇನ್ನೂರು ಹೆಂಗಸರಿಗೆ ಪೇಪರು ಓದಿ ಹೇಳುತ್ತಾ,
ನಡುನಡುವೆ ತಲೆಯೆತ್ತಿ ಕೇಳಿದ.
ಹದಿನೆಂಟನೆಯ ದಿನ ಧಣಿ ಒಪ್ಪಿದರು:
ತೆಗೆದ ಬೀಡಿಯನ್ನು ಕಟ್ಟಿದವಳ ಎದುರೇ ಮುರಿಯಬೇಕು.
ಮುರಿಯಬೇಕಾದವನು ನಾನು.
ಅವಳು ನೋಡುತ್ತಿರುವಾಗ ಮುರಿಯುವುದಿದೆಯಲ್ಲ,
ಬೆರಳು ತಾನಾಗಿಯೇ ಅನುಮಾನಿಸುತ್ತದೆ.
ನಲ್ವತ್ತು ಹನ್ನೆರಡಾಯಿತು. ಕೆಲವು ದಿನ ಆರು.

ಪಂಚಾಯತು ಗೆದ್ದ. ಮತ್ತೆ ಎರಡು ಸಲ ತಿರುವನಂತಪುರ.
ಒಂದು ಚೀಲ, ಒಂದು ಟಾರ್ಚು, ರಾತ್ರಿ ರೈಲು.
ಮೊದಲ ಭಾಷಣ ಕನ್ನಡದಲ್ಲೇ ಮಾಡಿದ,
ಪಿ.ಎಫ್. ಬಗ್ಗೆ, ಇಪ್ಪತ್ತು ನಿಮಿಷ.
ನಡವಳಿಯ ಪುಸ್ತಕ ತಂದು ತೋರಿಸಿದ ನನಗೆ:
ಅವನ ಹೆಸರಿನ ಕೆಳಗೆ ಮಲಯಾಳದಲ್ಲಿ ಒಂದೇ ಸಾಲು,
ಸದಸ್ಯರು ಕನ್ನಡದಲ್ಲಿ ಮಾತನಾಡಿದರು.
"ಇಪ್ಪತ್ತು ನಿಮಿಷವನ್ನೂ ತೆಗೆದುಬಿಟ್ಟರಲ್ಲ ಚೆಕ್ಕರೇ" ಅಂತ ನಕ್ಕ,
"ನನ್ನೆದುರು ಮುರಿದದ್ದೂ ಇಲ್ಲ."

ಇಷ್ಟು ಬರಕೊಳ್ಳಿ ಹುಡುಗರೇ.
ಮುಂದಿನದು ನಿಮ್ಮಿಷ್ಟ.

ಕಟ್ಟಿನ ಮೇಲೆ ಗಂಟಲ ಹುಣ್ಣಿನ ಚಿತ್ರ ಹಾಕಬೇಕೆಂದು ಕಾನೂನು ಬಂತು.
ಧಣಿಗಳು ಅವನ ಮನೆಗೆ ಬಂದರು,
ಮೊದಲ ಬಾರಿ, ಚಪ್ಪಲಿ ಹೊರಗೆ ಬಿಟ್ಟು.
ಚಿತ್ರ ಬಂದರೆ ಕೆಲಸ ಹೋಗುತ್ತದೆ, ನಿನ್ನ ಹೆಂಗಸರದ್ದೇ, ಅಂದರು.
ಒಳಕೋಣೆಯಲ್ಲಿ ಮಾಂಕು ಕೆಮ್ಮುತ್ತಿದ್ದಳು,
ಒಂದೂ ಬೀಡಿ ಸೇದದವಳು,
ಐವತ್ತು ವರ್ಷ ಹೊಗೆಸೊಪ್ಪಿನ ಹುಡಿ ಕುಡಿದವಳು.
ಅವನು ಚಿತ್ರದ ವಿರುದ್ಧ ಮೆರವಣಿಗೆ ತೆಗೆದ.
ಕುಂಬಳೆಯಿಂದ ಕಾಸರಗೋಡಿಗೆ, ಸುಡುಬಿಸಿಲಲ್ಲಿ,
ಹಿಂದೆ ಹೆಂಗಸರು, ಅವರ ಹಿಂದೆ ಧಣಿಗಳ ಕಾರು.
ಮೊಗ್ರಾಲಿನ ಸಂಕದ ಹತ್ತಿರ ನಿಂತು ನೋಡಿದೆ.
ಅವನ ಬಾಯಿ ತೆರೆದು ಮುಚ್ಚುತ್ತಿತ್ತು ಘೋಷಣೆಗೆ.
ದನಿ, ನನಗಂತೂ, ಕೇಳಲಿಲ್ಲ.

ಆಮೇಲಿನ ಚುನಾವಣೆ ಮುನ್ನೂರ ಹನ್ನೊಂದು ಓಟಿಗೆ ಸೋತ.
ಬ್ರಾಂಚು ಮುಚ್ಚಿತು. ಈಗ ಅಲ್ಲಿ ಮೊಬೈಲ್ ರಿಪೇರಿ.
ಕೊನೆಕೊನೆಗೆ ರೈಲು ಗೇಟಿನ ಹತ್ತಿರ
ಮೊಯ್ದೀನನ ಜ್ಯೂಸಂಗಡಿಯ ಬೆಂಚಿನಲ್ಲಿ ಕೂತು
ಬಂದವರ ಪಿಂಚಣಿ ಅರ್ಜಿ ತುಂಬಿಸಿ ಕೊಡುತ್ತಿದ್ದ.
ನನ್ನದನ್ನೂ ಅವನೇ ತುಂಬಿಸಿದ್ದು.
ತಂದೆಯ ಹೆಸರು, ಹುಟ್ಟಿದ ದಿನ.
"ಕೆಲಸ?" ಕೇಳಿದ, ಗೊತ್ತಿದ್ದೂ.
"ಚೆಕ್ಕರ್" ಅಂದೆ.
ಬೀಡಿ ಕಾರ್ಮಿಕ ಅಂತ ಬರೆದ.

ಸರಿಯಾದದ್ದಲ್ಲ ಅದು. ಬೆರಳಿಗೆ ಕೂಡಲೇ ತಿಳಿಯಿತು.
ತೆಗೆಯಲಿಲ್ಲ ನಾನು.
ಚಹಾ ತಣಿಯುತ್ತಿದೆ, ಕುಡಿಯಿರಿ.